ಕೆಂಪುಕಲ್ಲಿನ ಹೊಂಡ ಮತ್ತು ಜುಬೈದಾ ಟೀಚರ್

ಸಿಟ್ಟು ಬಂದರೆ ನಮ್ಮ ಕಡೆ ಎಲ್ಲರೂ ಮನೆಮಾತಿಗೆ ಇಳಿಯುತ್ತಾರೆ. ತುಳುವಿನವರು ತುಳುವಿಗೆ, ಕೊಂಕಣಿಯವರು ಕೊಂಕಣಿಗೆ. ಜುಬೈದಾ ಟೀಚರಿಗೆ ಮಾತ್ರ ಸಿಟ್ಟು ಏರಿದಷ್ಟೂ ಕನ್ನಡ ಶುದ್ಧವಾಗುತ್ತಿತ್ತು. ಮನೆಯಲ್ಲಿ ಬ್ಯಾರಿ, ಬಸ್ಸಿನಲ್ಲಿ ತುಳು ಆಡುವ ಆ ಹೆಂಗಸು, "ತಾವು ಸ್ವಲ್ಪ ಎದ್ದು ನಿಲ್ಲುತ್ತೀರಾ?" ಎಂದು ಒಂಬತ್ತನೇ ಕ್ಲಾಸಿನ ಹುಡುಗನನ್ನು ಕೇಳಿದರೆ ಇಡೀ ಕ್ಲಾಸು ಉಸಿರು ಬಿಗಿಹಿಡಿಯುತ್ತಿತ್ತು.

ಸಿದ್ಧಕಟ್ಟೆಯಿಂದ ಮೂಡುಬಿದಿರೆಗೆ ಬಸ್ಸಿನಲ್ಲಿ ಬಂದು ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಐವತ್ತರ ಹತ್ತಿರದ ಪ್ರಾಯ, ತಲೆಯಿಂದ ಸದಾ ಜಾರುವ ಕಂದು ಶಾಲು, ಕಾಲಿಗೆ ರಬ್ಬರ್ ಚಪ್ಪಲಿ. ಪ್ರತಿ ಶನಿವಾರ ಕೊನೆಯ ಎರಡು ಪಿರಿಯಡ್ ನಮ್ಮನ್ನು ಸಾಲಾಗಿ ನಡೆಸಿಕೊಂಡು ಊರಿನ ಪಾರ್ಕಿಗೆ ಹೋಗುತ್ತಿದ್ದರು. ಆ ಪಾರ್ಕಿನ ಮುಂಭಾಗದಲ್ಲಿ ಹುಲ್ಲುಹಾಸು, ಜೋಕಾಲಿ. ಹಿಂದಿನ ಮೂಲೆಯಲ್ಲಿ ಯಾವ ಕಾಲದಲ್ಲೋ ಕೆಂಪುಕಲ್ಲು ತೆಗೆದು ಬಿಟ್ಟ ಒಂದು ಹೊಂಡ, ಅದರಲ್ಲಿ ಮಳೆನೀರು, ಸುತ್ತ ಪೊದೆ. ಟೀಚರಿಗೆ ಬೇಕಾದದ್ದು ಆ ಮೂಲೆ.

ಮೊದಲ ದಿನ ಇಬ್ಬಿಬ್ಬರಿಗೆ ಒಂದೊಂದು ತುಂಡು ಹಗ್ಗ ಕೊಟ್ಟು, ನೆಲದ ಮೇಲೆ ವೃತ್ತ ಮಾಡಿ, ಅದರೊಳಗೆ ಏನೇನಿದೆ ಎಂದು ಬರೆಯಲು ಹೇಳಿದರು. ನಾನು 'ಏನೂ ಇಲ್ಲ' ಎಂದು ಬರೆದು ಕೊಟ್ಟೆ.

"ಶರ್ಮಿಳಾ, ಏನೂ ಇಲ್ಲ ಅಂತ ಬರೀಲಿಕ್ಕೆ ಮೊದಲು ಎಲ್ಲ ನೋಡಿರ್ಬೇಕು. ನೋಡಿದ್ದೀಯಾ?"

"ಬರೀ ಕಸ ಉಂಟು ಟೀಚರ್."

"ಹೆಸರು ಗೊತ್ತಿಲ್ಲದ್ದಕ್ಕೆಲ್ಲ ಕಸ ಅಂತ ಹೇಳುವುದಾ? ನಿನ್ನ ಹೆಸರು ನನಗೆ ಗೊತ್ತಿಲ್ಲದಿದ್ರೆ ನೀನೂ ಕಸವಾ? ಕೂತ್ಕೋ ಅಲ್ಲಿ."

ಕೂತೆ. ಸಿಟ್ಟಿನಲ್ಲಿ ಕೂತವಳಿಗೆ ಸ್ವಲ್ಪ ಹೊತ್ತಿನಲ್ಲಿ ತಲೆಯ ಮಟ್ಟದ ಕೊಂಬೆಯಲ್ಲಿ ಕೆಂಪಿರುವೆಗಳು ಕಂಡವು. ಒಂದಷ್ಟು ಇರುವೆಗಳು ಎರಡು ಎಲೆಗಳನ್ನು ಎಳೆದು ಹತ್ತಿರ ಹಿಡಿದಿದ್ದವು. ಇನ್ನು ಕೆಲವು ಬಾಯಲ್ಲಿ ತಮ್ಮ ಮರಿಹುಳುಗಳನ್ನು ಕಚ್ಚಿಕೊಂಡು, ಅವುಗಳಿಂದ ಬರುವ ನೂಲಿನಲ್ಲಿ ಎಲೆಯ ಅಂಚು ಹೊಲಿಯುತ್ತಿದ್ದವು. ನಾನು ಕೂಗಿದ ರೀತಿಗೆ ಎಲ್ಲರೂ ಓಡಿಬಂದರು. ಟೀಚರ್ ಹೊಗಳಲಿಲ್ಲ. "ಬರಿ" ಎಂದಷ್ಟೇ ಹೇಳಿದರು.

ಮಳೆಗಾಲದಲ್ಲಿ ಹೊಂಡ ತುಂಬಿತು. ಕಪ್ಪೆಯ ಮೊಟ್ಟೆ, ಗೊದಮೊಟ್ಟೆ, ಏರೋಪ್ಲೇನ್ ಚಿಟ್ಟೆಯ ನೀರಿನೊಳಗಿನ ಮರಿ, ಮರಿಗಳನ್ನು ಹಿಂದೆ ಹಾಕಿಕೊಂಡು ಓಡುವ ಹುಂಡುಕೋಳಿ. ನಮ್ಮ ಪಟ್ಟಿ ಉದ್ದವಾಗುತ್ತಾ ಹೋಯಿತು. ಒಂದು ಶನಿವಾರ ಪಾರ್ಕಿನ ಸಮಿತಿಯ ಅಧ್ಯಕ್ಷರು, ಬಿಳಿ ಶೂ ಹಾಕಿದ ವ್ಯಾಪಾರಿ, ನಮ್ಮ ಹತ್ತಿರ ಬಂದು ನಗುತ್ತಾ ಹೇಳಿದರು.

"ಟೀಚರೇ, ಈ ಮೂಲೆಗೆಲ್ಲ ಮಣ್ಣು ತುಂಬಿಸಿ ಇಂಟರ್‌ಲಾಕ್ ಹಾಕುವ ಅಂತ ಉಂಟು. ಮೇಲೆ ಫೈಬರಿನ ಜಿಂಕೆ, ಆನೆ ಇಡುವ. ಮಕ್ಕಳಿಗೂ ಖುಷಿ ಅಲ್ವಾ?"

"ತಾವು ಜೀವವಿರುವ ಕಪ್ಪೆಗಳನ್ನು ಹೂತು ಅವುಗಳ ಮೇಲೆ ಜೀವವಿಲ್ಲದ ಜಿಂಕೆಯನ್ನು ನಿಲ್ಲಿಸುತ್ತೀರಿ. ನಿಲ್ಲಿಸಿ. ಆದರೆ ದಯವಿಟ್ಟು ಮಕ್ಕಳ ಹೆಸರನ್ನು ಬಳಸಬೇಡಿ."

ಟೀಚರ್ ನಮ್ಮ ಪಟ್ಟಿಯ ಒಂದು ಪ್ರತಿಯನ್ನು ಅಲ್ಲೇ ಅಧ್ಯಕ್ಷರ ಕೈಗೆ ಕೊಟ್ಟರು. ಅವರು ಓದದೆ ಮಡಚಿ ಜೇಬಿಗೆ ಹಾಕಿಕೊಂಡರು.

ಅದಾದ ಕೆಲವೇ ವಾರಗಳಲ್ಲಿ ನಾನು ಜಾರಿಬಿದ್ದೆ. ಹೊಂಡದ ಅಂಚಿನಿಂದ ಎರಡು ಮಾರು ದೂರದಲ್ಲಿ ಟೀಚರ್ ಹಗ್ಗ ಕಟ್ಟುತ್ತಿದ್ದರು, ದಾಟಬಾರದು ಎಂದು ಪ್ರತಿ ಸಲ ಹೇಳುತ್ತಿದ್ದರು. ಅವರು ಆಚೆ ತಿರುಗಿದ್ದಾಗ ನಾನು ದಾಟಿದೆ. ಮೊಣಕಾಲು ಕಲ್ಲಿಗೆ ತಾಗಿ ಸೀಳಿತು. ಟೀಚರ್ ತಮ್ಮ ಶಾಲಿನಿಂದ ಬಿಗಿಯಾಗಿ ಕಟ್ಟಿ, ನನ್ನನ್ನು ಆಟೋದಲ್ಲಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು.

"ಹಗ್ಗ ಯಾಕೆ ದಾಟಿದೆ? ಹತ್ತಿರದಿಂದ ನೋಡ್ಬೇಕು ಅಂತ ಆಯ್ತಾ?"

"ಹೌದು ಟೀಚರ್."

"ಹಾಗಾದ್ರೆ ಅಳ್ಬೇಡ."

ಮೂರು ಹೊಲಿಗೆ ಬಿತ್ತು. ಮಸ್ಕತ್ತಿನಿಂದ ರಜೆಗೆ ಬಂದಿದ್ದ ಅಪ್ಪ ಸೋಮವಾರ ಬೆಳಿಗ್ಗೆಯೇ ಶಾಲೆಗೆ ನುಗ್ಗಿದರು. "ಮಗಳನ್ನು ಓದ್ಲಿಕ್ಕೆ ಕಳಿಸಿದ್ದಾ, ಕೆಸರು ಮೆಟ್ಲಿಕ್ಕೆ ಕಳಿಸಿದ್ದಾ?" ಹೆಡ್‌ಮಾಷ್ಟ್ರು ನನ್ನನ್ನೂ ಇನ್ನು ನಾಲ್ವರನ್ನೂ ತಮ್ಮ ಕೋಣೆಗೆ ಕರೆಸಿ, ಬಿಳಿ ಹಾಳೆ ಕೊಟ್ಟರು. ಅವರು ಹೇಳಿದರು, ನಾವು ಬರೆದೆವು. 'ನಾನು ಬೇಡವೆಂದರೂ ಟೀಚರು ಒತ್ತಾಯದಿಂದ ಹೊಂಡಕ್ಕೆ ಇಳಿಸಿದರು.' ಪೆನ್ನು ಒಮ್ಮೆ ನಿಂತಿತು. ಅಪ್ಪ ಕೆಮ್ಮಿದರು. ಬರೆದು ಸಹಿ ಹಾಕಿದೆ.

ಹೆದರಿದ್ದೆ, ಸಣ್ಣವಳು ಎಂದು ಯಾರಾದರೂ ಸಮಾಧಾನ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಸುಳ್ಳು ಯಾವುದೆಂದು ಹದಿನಾಲ್ಕು ವರ್ಷದವಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿದ್ದೂ ಬರೆಸಿದ ದೊಡ್ಡವರಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ನಮ್ಮ ಆ ಹಾಳೆಗಳು ಸಮಿತಿಯವರ ಕೈಗೂ ಹೋದವು. ಮಕ್ಕಳ ಸುರಕ್ಷತೆ ಎಂಬ ಮಾತು ಹುಟ್ಟಿತು. ಕ್ರಿಸ್‌ಮಸ್ ರಜೆ ಮುಗಿಯುವಷ್ಟರಲ್ಲಿ ಹೊಂಡದ ಜಾಗದಲ್ಲಿ ಒಡೆದ ಗೋಡೆಯ ತುಂಡುಗಳೂ ಮಣ್ಣೂ ತುಂಬಿದ್ದವು. ಮುಂದಿನ ವರ್ಷ ಬರುವುದು ಬೇಡ ಎಂದು ಶಾಲೆಯವರು ಟೀಚರಿಗೂ ಹೇಳಿದರು. ಕೊನೆಯ ದಿನ ಅವರು ಎಂದಿನಂತೆ ಬಂದು ವಿದ್ಯುತ್ತಿನ ಪಾಠ ಮುಗಿಸಿದರು. ಹೊರಗೆ ಹೋಗುವಾಗ ನನ್ನ ಬೆಂಚಿನ ಹತ್ತಿರ ನಿಂತು, "ಗಾಯ ಒಣಗಿತಾ?" ಎಂದು ಕೇಳಿದರು. ನಾನು ತಲೆಯಾಡಿಸಿದೆ. ತಲೆ ಎತ್ತಲಿಲ್ಲ.

ಮುಂದೆ ನಾನೇ ವಿಜ್ಞಾನದ ಟೀಚರ್ ಆಗಿ ಬಂಟ್ವಾಳದ ಒಂದು ಶಾಲೆಗೆ ಸೇರಿದೆ. ಜುಬೈದಾ ಟೀಚರ್ ಅಳದಂಗಡಿಯ ಹತ್ತಿರ ಒಂದು ಸಣ್ಣ ಶಾಲೆಯಲ್ಲಿದ್ದಾರೆ ಎಂದು ಕಳೆದ ವರ್ಷ ತಿಳಿಯಿತು. ಒಂದು ಮಧ್ಯಾಹ್ನ ಹೋದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಉಸಿರು ಕಟ್ಟುತ್ತಿತ್ತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಕ್ಷಮೆಯನ್ನು ಹೇಳಿ ಮುಗಿಸಿದೆ.

"ನನ್ನ ಹತ್ತಿರ ಯಾಕೆ ಕೇಳ್ತೀ? ನನಗೆ ಬೇರೆ ಕೆಲಸ ಸಿಕ್ಕಿತು. ಆ ಹೊಂಡದ ಕಪ್ಪೆಗಳಿಗೆ ಬೇರೆ ಹೊಂಡ ಸಿಕ್ಕಿತಾ?"

ಟೀಚರ್ ಜಾರಿದ ಶಾಲನ್ನು ತಲೆಗೆ ಎಳೆದುಕೊಂಡರು.

"ನೀನೀಗ ಟೀಚರ್ ಅಂತೆ. ಮಕ್ಕಳನ್ನು ಹೊರಗೆ ಕರ್ಕೊಂಡು ಹೋಗ್ತೀಯಾ?"

"ಪೇರೆಂಟ್ಸ್ ಒಪ್ಪುವುದಿಲ್ಲ ಟೀಚರ್. ಪೋರ್ಷನ್ ಬೇರೆ ಮುಗಿಯುವುದಿಲ್ಲ..."

"ಹಾಗಾದ್ರೆ ಇಷ್ಟು ದೂರ ಬಂದದ್ದು ಸುಮ್ಮನೆ. ಬೆಳ್ತಂಗಡಿ ಬಸ್ಸು ಈಗ ಉಂಟು, ಹೋಗು." ಬೆಲ್ ಆಯಿತು. ಅವರು ಕ್ಲಾಸಿಗೆ ಹೋದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಈ ಜೂನಿನಲ್ಲಿ ಟೀಚರ್ ತೀರಿಕೊಂಡರು. ಸುದ್ದಿ ಬಂದದ್ದು ನಮ್ಮ ಬ್ಯಾಚಿನ ವಾಟ್ಸ್ಆ್ಯಪ್ ಗುಂಪಿನಲ್ಲಿ. ಮುಗಿದ ಕೈಗಳು, ಹೂಗಳು, 'ಮಹಾನ್ ಪರಿಸರಪ್ರೇಮಿ', 'ನಮ್ಮ ಭಾಗ್ಯ'. ಅಂದು ನನ್ನ ಪಕ್ಕದಲ್ಲಿ ಕುಳಿತು ಹಾಳೆ ಬರೆದ ನಾಲ್ವರೂ ಒಬ್ಬರ ಹಿಂದೆ ಒಬ್ಬರು ಹೂ ಹಾಕಿದರು. ನನಗೆ ತಡೆಯಲಾಗಲಿಲ್ಲ. 'ಅವರನ್ನು ಶಾಲೆಯಿಂದ ಓಡಿಸಿದ್ದು ನಾವು. ನಾನೂ ಸೇರಿ ಐದು ಜನ ಸುಳ್ಳು ಬರೆದೆವು. ಹೂ ಆಮೇಲೆ ಹಾಕುವ, ಮೊದಲು ಅದನ್ನು ಒಪ್ಪಿಕೊಳ್ಳುವ' ಎಂದು ಬರೆದೆ. ಆಮೇಲೆ ಒಬ್ಬಳು, 'ಹಳೆಯದೆಲ್ಲ ಈಗ ಯಾಕೆ ಮಾರಾಯ್ತಿ' ಎಂದಳು.

ಸೋಮವಾರ ನಮ್ಮ ಹೆಡ್‌ಮಾಷ್ಟ್ರ ಮೇಜಿನ ಮೇಲೆ ಅರ್ಜಿ ಇಟ್ಟೆ. ಪ್ರತಿ ಶನಿವಾರ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಹತ್ತಿರದ ಪಾರ್ಕಿಗೆ ಕರೆದುಕೊಂಡು ಹೋಗಲು ಅನುಮತಿ ಬೇಕು ಎಂದು. ಅವರು ಓದಿ ಕನ್ನಡಕ ತೆಗೆದರು.

"ಅಲ್ಲ ಮೇಡಮ್, ನಾಳೆ ಯಾರಾದ್ರೂ ಬಿದ್ರೆ? ಪೇರೆಂಟ್ಸ್ ಕಂಪ್ಲೇಂಟ್ ಕೊಡ್ತಾರೆ."

"ಕೊಡ್ಲಿ ಸರ್. ನಾನು ಉತ್ತರ ಹೇಳ್ತೇನೆ. ಆದರೆ ಕಂಪ್ಲೇಂಟನ್ನು ಮಕ್ಕಳ ಕೈಯಲ್ಲಿ ಮಾತ್ರ ಬರೆಸಬೇಡಿ."