ಮೂಲಾ ನಕ್ಷತ್ರದ ಜೊಂಪಿ

ಗಿರಿಜಾದೇವಿಯವರನ್ನು ನೋಡಲು ಬಂದ ಗಂಡಿನ ಕಡೆಯವರಲ್ಲಿ ಒಬ್ಬರೂ ತಟ್ಟೆಯಲ್ಲಿ ಉಪ್ಪಿಟ್ಟು ಬಿಟ್ಟು ಹೋದವರಲ್ಲ. ಬಿಟ್ಟು ಹೋದದ್ದು ಹುಡುಗಿಯನ್ನು ಮಾತ್ರ. ಲಕ್ಷಣವಾಗಿದ್ದರು, ಹಾಡು ಬರುತ್ತಿತ್ತು, ಹೊಲಿಗೆಯಲ್ಲಂತೂ ಇಡೀ ಹನುಮಂತನಗರದಲ್ಲಿ ಎತ್ತಿದ ಕೈ. ಆದರೆ ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಮೂಲಾ ನಕ್ಷತ್ರದ ಸೊಸೆ ಮನೆಯೊಳಗೆ ಕಾಲಿಟ್ಟರೆ ಮಾವ ಹೊರಗೆ ಹೊರಡುತ್ತಾನೆ ಎಂದು ಯಾವ ಪುಣ್ಯಾತ್ಮ ಕಂಡುಹಿಡಿದನೋ ಏನೋ, ಊರಿನ ಮಾವಂದಿರೆಲ್ಲ ಆ ಮಾತನ್ನು ಜನಿವಾರಕ್ಕಿಂತ ಭದ್ರವಾಗಿ ಹಿಡಿದುಕೊಂಡಿದ್ದರು.

ಹೀಗಾಗಿ ಗಿರಿಜಾದೇವಿಯವರ ತಂದೆ ವರ ಹುಡುಕುವುದನ್ನು ಬಿಟ್ಟು, ತಂದೆ ತೀರಿಕೊಂಡ ವರನನ್ನು ಹುಡುಕತೊಡಗಿದರು. ಯಾರದಾದರೂ ಮನೆಯಲ್ಲಿ ಯಜಮಾನರು ಹೋದರೆಂದು ಸುದ್ದಿ ಬಂದರೆ, ಅಯ್ಯೋ ಪಾಪ ಎನ್ನುವ ಮೊದಲೇ ಮದುವೆಯಾಗದ ಮಗನಿದ್ದಾನೆಯೇ ಎಂದು ವಿಚಾರಿಸುವ ಮಟ್ಟಕ್ಕೆ ಬಂದರು. ಕೊನೆಗೆ ಪರಿಚಯದ ಜೋಯಿಸರೊಬ್ಬರು ಹುಟ್ಟಿದ ಹೊತ್ತನ್ನು ಸ್ವಲ್ಪ ಅತ್ತಿತ್ತ ಸರಿಸಿ ಹೊಸ ಜಾತಕ ಬರೆದುಕೊಟ್ಟರು. ಸಂಬಂಧ ಕುದುರಿತು. ತಾಂಬೂಲ ಬದಲಾಯಿಸುವ ದಿನ ಗಿರಿಜಾದೇವಿ ಭಾವೀ ಮಾವನವರ ಕೈಗೆ ಕಾಫಿ ಕೊಟ್ಟು, "ನಂದು ಮೂಲಾ ನಕ್ಷತ್ರ. ಆ ಜಾತಕ ಸುಳ್ಳು" ಅಂದುಬಿಟ್ಟರು. ಆ ಮನೆಯಲ್ಲಿ ಲೋಟದ ತುಂಬ ಕಾಫಿ ಉಳಿದದ್ದು ಅದೊಂದೇ ಸಲ.

ಆಮೇಲೆ ಯಾರೂ ಬರಲಿಲ್ಲ, ಇವರೂ ಕಾಯಲಿಲ್ಲ. ಜಯನಗರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಮಿಸ್ ಆಗಿ ಸೇರಿ, ಎರಡು ತಲೆಮಾರಿನ ಹುಡುಗಿಯರಿಗೆ ಕಾಜಾ ಹೊಲಿಯುವುದನ್ನು ಕಲಿಸಿದರು. ಕಲಿತ ಹುಡುಗಿಯರೆಲ್ಲ ಮುಂದೆ ರೆಡಿಮೇಡ್ ಬಟ್ಟೆ ಕೊಂಡರು, ಅದು ಬೇರೆ ಮಾತು.

ಜೊಂಪಿ ಹುಟ್ಟಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಮಿಸ್ ನಿವೃತ್ತರಾಗುವ ವರ್ಷ. ಸ್ಕೂಲ್ ಡೇ ನಾಟಕಕ್ಕೆ ಕರಡಿ ವೇಷ ಹೊಲಿದು ತುಪ್ಪಳದ ಬಟ್ಟೆ ಮಿಕ್ಕಿತ್ತು. ಬಿಸಾಡಲು ಮನಸ್ಸು ಬರಲಿಲ್ಲ. ಬೂರುಗದ ಹತ್ತಿ ತುಂಬಿ ಏನನ್ನೋ ಹೊಲಿಯತೊಡಗಿದರು. ಕರುವಿನ ಕಿವಿ ಬಂತು, ಮುಂಗುಸಿಯ ಬಾಲ ಬಂತು, ಕಾಲು ಎಷ್ಟಿರಬೇಕೆಂದು ತೀರ್ಮಾನವಾಗದೆ ಕಾಲೇ ಇಲ್ಲದೆ ಹೋಯಿತು. ಗುಂಡಿ ಸಿಗಲಿಲ್ಲವಾದ್ದರಿಂದ ಕಣ್ಣನ್ನು ದಾರದಲ್ಲೇ ಹೊಲಿದರು. ಅರ್ಧ ಮುಚ್ಚಿದ ಹಾಗಾಯಿತು. ಹಬ್ಬದೂಟ ಮಾಡಿ ಚಾಪೆಯ ಮೇಲೆ ಉರುಳಿದ ಬೀಗರ ಮುಖದಂತಿತ್ತು. ಅದಕ್ಕೇ ಜೊಂಪಿ ಎಂದು ಹೆಸರಾಯಿತು.

ನೋಡಿದವರೆಲ್ಲ ತಮಗೊಂದು ಬೇಕೆಂದರು. ಮಿಸ್ ಮಾರುವುದಿಲ್ಲ ಎಂದರು. ದತ್ತು ಕೊಡುತ್ತೇನೆ, ಆದರೆ ಶೋಕೇಸಿನಲ್ಲಿ ಇಡಬಾರದು, ಪ್ಲಾಸ್ಟಿಕ್ ಕವರ್ ತೊಡಿಸಬಾರದು, ದಿನಕ್ಕೊಮ್ಮೆಯಾದರೂ ಯಾರಾದರೂ ತಬ್ಬಿಕೊಳ್ಳಬೇಕು ಎಂದು ಕರಾರು ಹಾಕಿದರು. ಹೊಸ ಸೋಫಾಕ್ಕೂ ಕವರ್ ತೆಗೆಯದ ನಮ್ಮ ಜಯನಗರದವರಿಗೆ ಇದು ಸಾಮಾನ್ಯ ಶಿಕ್ಷೆಯಲ್ಲ. ಆದರೂ ಒಪ್ಪಿದರು. ಒಂದೆರಡು ವರ್ಷದಲ್ಲಿ ಬನಶಂಕರಿ, ಜೆ.ಪಿ. ನಗರದವರೆಗೂ ಜೊಂಪಿಗಳು ಹರಡಿದವು. ದತ್ತು ತೆಗೆದುಕೊಂಡವರು ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಜೊಂಪಿಗಳನ್ನು ತೊಡೆಯ ಮೇಲಿಟ್ಟುಕೊಂಡು ಸೇರತೊಡಗಿದರು. ವಾಕಿಂಗ್ ಬಂದವರು ಮೊದಮೊದಲು ನಕ್ಕರು, ಆಮೇಲೆ ಕೋಡುಬಳೆ ಹಂಚುತ್ತಾರೆಂದು ಗೊತ್ತಾಗಿ ತಾವೂ ಸೇರಿದರು.

ನಾಲ್ಕು ಜನ ಸೇರಿದ ಕಡೆ ಕುರ್ಚಿ ಹುಡುಕುವವನೊಬ್ಬ ಇದ್ದೇ ಇರುತ್ತಾನೆ. ಇಲ್ಲಿ ಅವರ ಹೆಸರು ಅನಂತರಾಮು, ಸರ್ಕಾರಿ ಕಚೇರಿಯಿಂದ ನಿವೃತ್ತರಾಗಿ ಸಹಿ ಹಾಕಲು ಏನೂ ಸಿಗದೆ ಸೊರಗಿದ್ದವರು. ಒಂದು ಭಾನುವಾರ ಅವರು ಬ್ಯಾನರನ್ನೇ ಬರೆಸಿಕೊಂಡು ಬಂದರು: 'ಅಖಿಲ ಕರ್ನಾಟಕ ಜೊಂಪಿ ಅಭಿಮಾನಿಗಳ ಸಂಘ'. ಅಖಿಲ ಕರ್ನಾಟಕ ಎಂದರೆ ಈ ಕಡೆ ಹನುಮಂತನಗರ, ಆ ಕಡೆ ಕೋಣನಕುಂಟೆ. ಅಧ್ಯಕ್ಷರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಗಿರಿಜಾದೇವಿ ಇದಕ್ಕೆಲ್ಲ ನಕ್ಕು ಸುಮ್ಮನಿದ್ದರು. ನಿವೃತ್ತಿಯ ಮೇಲೆ ಬಾಗಿಲು ತಟ್ಟುವವರೆಂದರೆ ಹಾಲಿನವನು, ಪೇಪರಿನವನು. ಭಾನುವಾರ ಬಂದರೆ ಇಷ್ಟು ಜನ "ಮಿಸ್, ಇಲ್ಲಿ ಕೂತ್ಕೊಳ್ಳಿ" ಎಂದು ಜಾಗ ಬಿಡುತ್ತಿದ್ದರು. ಅದು ಅವರಿಗೆ ಬೇಕಾಗಿತ್ತು. ಬಹಳವೇ ಬೇಕಾಗಿತ್ತು.

ಅನಂತರಾಮು ಮನೆಗೆ ಕಂಪ್ಯೂಟರ್ ಬಂತು. ಬಂದ ಮೇಲೆ ಏನಾದರೂ ಮಾಡಬೇಕಲ್ಲ, ಜಾತಕ ಬರೆಯುವ ಸಿ.ಡಿ. ಹಾಕಿಸಿಕೊಂಡರು. ಮನೆಯವರದು, ನೆಂಟರದು, ಬಾಡಿಗೆದಾರರದು ಎಲ್ಲ ಮುಗಿದ ಮೇಲೆ ಜೊಂಪಿಗಳ ಮೇಲೆ ಕಣ್ಣು ಬಿತ್ತು.

"ಮಿಸ್, ಇನ್ಮೇಲೆ ಕಣ್ಣು ಹೊಲಿದು ಗಂಟು ಹಾಕ್ತೀರಲ್ಲ, ಆ ಟೈಮ್ ನನಗೆ ಹೇಳಿ. ಅದೇ ಜನನ ಕಾಲ. ಒಂದೊಂದಕ್ಕೂ ಜಾತಕ ಮಾಡ್ಕೊಡ್ತೀನಿ. ಸಖತ್ತಾಗಿರುತ್ತೆ!"

ಗಿರಿಜಾದೇವಿಗೆ ಜಾತಕದ ಸಹವಾಸವೇ ಬೇಡವಾಗಿತ್ತು. ಆದರೂ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ತಾನೊಬ್ಬಳೇ ಬೇಡ ಎನ್ನುವುದು ಹೇಗೆಂದು ತಲೆಯಾಡಿಸಿದರು. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ. ಒಂದು ತಿಂಗಳೊಳಗೆ ತಮಾಷೆ ಹೋಗಿ ಶಾಸ್ತ್ರ ಬಂತು. ದತ್ತು ಕೇಳಲು ಬಂದವರು ಬಣ್ಣ ಕೇಳುವ ಬದಲು ರಾಶಿ ಕೇಳತೊಡಗಿದರು. ಒಬ್ಬರು ಗೋತ್ರವನ್ನೂ ಕೇಳಿದರು. ತುಪ್ಪಳದ ಬಟ್ಟೆಗೆ ಚಿಕ್ಕಪೇಟೆ ಗೋತ್ರ ಎಂದು ಮಿಸ್ ಉತ್ತರಿಸಿದರೆ ಅವರಿಗೆ ನಗು ಬರಲಿಲ್ಲ.

ಹೀಗಿರುವಾಗ ಬನಶಂಕರಿಯ ನಾಗಲಕ್ಷ್ಮಮ್ಮ ಒಂದು ಬೂದು ಜೊಂಪಿಯನ್ನು ಕರೆದುಕೊಂಡು ಹೋದರು. ಜಾತಕ ಆಮೇಲೆ ಕೈಸೇರಿತು: ಮೂಲಾ ನಕ್ಷತ್ರ. ಅದೇ ವಾರ ಅವರ ಮಾವ ಸಂಜೀವಯ್ಯ ಬಚ್ಚಲಲ್ಲಿ ಜಾರಿ ಬಿದ್ದರು. ತೊಂಬತ್ತು ದಾಟಿದವರು ಬಚ್ಚಲಲ್ಲಿ ಜಾರುವುದಕ್ಕೆ ನಕ್ಷತ್ರವೇ ಬೇಕೆ? ಸೋಪು ಸಾಕು. ಆದರೆ ನಾಗಲಕ್ಷ್ಮಮ್ಮ ಮುಂದಿನ ಭಾನುವಾರವೇ ಜೊಂಪಿಯನ್ನು ಚೀಲದಲ್ಲಿ ತಂದು ಬೆಂಚಿನ ಮೇಲಿಟ್ಟು, ಕೈ ಒರೆಸಿಕೊಂಡರು.

"ತಪ್ಪು ತಿಳ್ಕೋಬೇಡಿ ಮಿಸ್. ಮನೇಲಿ ಹಿರಿಯರಿದಾರೆ. ಬೇರೆ ಯಾರಿಗಾದ್ರೂ ಕೊಡಿ."

ಬೇರೆ ಯಾರೂ ಕೈಚಾಚಲಿಲ್ಲ. ಪಕ್ಕದಲ್ಲಿದ್ದವರು ತಂತಮ್ಮ ಜೊಂಪಿಗಳನ್ನು ಒಂದಿಷ್ಟು ಆಚೆಗೆ ಎಳೆದುಕೊಂಡರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

"ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಾ? ಮಿಸ್, ಆ ಕಣ್ಣು ಬಿಚ್ಚಿಬಿಡಿ. ಗುರುವಾರ ಪುಷ್ಯ ಇದೆ, ಅವತ್ತು ಹೊಸದಾಗಿ ಹೊಲೀರಿ. ನಕ್ಷತ್ರ ಚೇಂಜ್! ಇಲ್ಲಾಂದ್ರೆ ನೋಡಿ, ಸಂಘದಲ್ಲಿ ಇದನ್ನ ಇಟ್ಕೊಳ್ಳೋದು ಕಷ್ಟ. ಜನ ಬರೋದು ನಿಲ್ಲಿಸ್ತಾರೆ."

ಎಲ್ಲರೂ ಹೌದೆಂದರು. ಎಷ್ಟು ಸುಲಭದ ದಾರಿ, ನಾಲ್ಕು ಎಳೆ ದಾರ ಬಿಚ್ಚುವ ಕೆಲಸ. ಗಿರಿಜಾದೇವಿಗೆ ಮೈಯೆಲ್ಲ ಉರಿದುಹೋಯಿತು. ಹಿಂದೆ ಜೋಯಿಸರೂ ಹೀಗೆಯೇ ನಗುನಗುತ್ತ ಹೇಳಿದ್ದರು. ಅವರು ಬೂದು ಜೊಂಪಿಯನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡರು.

"ನೆಟ್ಟಗಿರೋ ಕಣ್ಣು ಬಿಚ್ಚೋದನ್ನ ನಾನು ಯಾರಿಗೂ ಕಲಿಸಿಲ್ಲ ಅನಂತರಾಮು ಅವ್ರೇ. ನನಗೂ ಬರಲ್ಲ" ಎಂದು ಹೇಳಿ ಎದ್ದು ಹೊರಟರು. ತಡೆಯುವವರಂತೆ ಒಬ್ಬಿಬ್ಬರು ಅರ್ಧ ಎದ್ದರು, ಮತ್ತೆ ಕುಳಿತರು.

ಮುಂದಿನ ಭಾನುವಾರ ಮಿಸ್ ಪಾರ್ಕಿಗೆ ಹೋಗಲಿಲ್ಲ. ಅದರ ಮುಂದಿನ ಭಾನುವಾರ ಸೀರೆ ಉಟ್ಟುಕೊಂಡು ಗೇಟಿನವರೆಗೆ ಹೋಗಿ ಹಿಂದಕ್ಕೆ ಬಂದರು. ಕರೆಯಲು ಒಬ್ಬರಾದರೂ ಬರಬಹುದೆಂದು ಅವರಿಗೆ ಆಸೆಯಿತ್ತು. ಯಾರೂ ಬರಲಿಲ್ಲ. ಒಂದು ಬೊಂಬೆಗಾಗಿ ಇದ್ದ ಜನರನ್ನೂ ಕಳೆದುಕೊಂಡೆನಲ್ಲ ಎಂದು ಸಂಕಟವಾಯಿತು. ಕತ್ತರಿಯನ್ನು ಕೈಗೆ ತೆಗೆದುಕೊಂಡು ಬೂದು ಜೊಂಪಿಯ ಮುಖವನ್ನು ನೋಡಿದರು. ಅದು ಏನೂ ತಿಳಿಯದವರಂತೆ ತೂಕಡಿಸುತ್ತಿತ್ತು. ಕತ್ತರಿಯನ್ನು ಡಬ್ಬಿಗೆ ಹಾಕಿದರು.

ಮಾರನೆಯ ದಿನ ಅಡುಗೆಯ ಹೊತ್ತಿಗೆ ಮನೆ ಮುಂದೆ ಆಟೋ ನಿಂತಿತು. ಪಂಚೆ, ಕೋಟು, ಕೋಲು, ಹಣೆಯ ಮೇಲೆ ಪ್ಲಾಸ್ಟರು ಇದ್ದ ಮುದುಕರೊಬ್ಬರು ಇಳಿದರು.

"ಹೊಲಿಗೆ ಮೇಡಂ ಮನೆ ಇದೇನಾ? ನಾನು ಸಂಜೀವಯ್ಯ, ನಾಗಲಕ್ಷ್ಮಿ ಮಾವ. ನಮ್ಮ ಜೊಂಪೀನ ಕೊಡಿ. ಅವಳು ದೇವಸ್ಥಾನಕ್ಕೆ ಹೋಗಿದಾಳೆ, ಬರೋದ್ರೊಳಗೆ ಮನೆ ಸೇರ್ಕೋಬೇಕು."

ಗಿರಿಜಾದೇವಿ ಅವರನ್ನು ಕೈಹಿಡಿದು ಒಳಗೆ ಕೂರಿಸಿದರು. "ಅದು ಮೂಲಾ ನಕ್ಷತ್ರ ಸಾರ್. ಮಾವನಿಗೆ ಆಗಲ್ವಂತೆ."

"ಗೊತ್ತು ಬಿಡಮ್ಮ. ನಮ್ಮ ಮನೆಗೆ ಬಂದ ಸೊಸೇದು ರೋಹಿಣಿ, ಗುಣ ಎಲ್ಲ ಕೂಡಿ ಬಂದಿತ್ತು. ಇಪ್ಪತ್ತು ವರ್ಷದಿಂದ ನನ್ನ ಕೋಣೆಗೆ ಬಂದು ಊಟ ಆಯ್ತಾ ಅಂತ ಕೇಳಿಲ್ಲ. ತಟ್ಟೆ ಇಟ್ಟು ಹೋಗ್ತಾಳೆ, ಅಷ್ಟೇ. ಇದು ಮಧ್ಯಾಹ್ನ ಎದೆ ಮೇಲೆ ಮಲಗಿರ್ತಿತ್ತು. ಬೆಚ್ಚಗಿರ್ತಿತ್ತು."

ಗಿರಿಜಾದೇವಿ ಜೊಂಪಿಯನ್ನು ತಂದು ಅವರ ಮಡಿಲಲ್ಲಿಟ್ಟರು. ಹಿರಿಯರೆಂದು ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದರು. ಸಂಜೀವಯ್ಯನವರು ಅಭ್ಯಾಸಬಲದಿಂದ ಕೈ ಎತ್ತಿ, "ದೀರ್ಘಸುಮಂಗಲೀ ಭವ" ಎಂದರು.

"ನನಗೆ ಮದುವೆಯಾಗಿಲ್ಲ ಸಾರ್."

"ಯಾಕಮ್ಮ?"

"ನಂದೂ ಮೂಲಾನೇ."

ಮುದುಕರ ಎತ್ತಿದ ಕೈ ಹಾಗೆಯೇ ನಿಂತಿತು. ಅವರು ತಮ್ಮ ನಡುಗುವ ಮಂಡಿಯನ್ನು, ಪಂಚೆಯ ಮೇಲಿನ ಸಾರಿನ ಕಲೆಯನ್ನು, ಜಾರಿಹೋಗುತ್ತಿದ್ದ ಕೋಲನ್ನು ಒಂದೊಂದಾಗಿ ನೋಡಿಕೊಂಡರು.

"ನಮ್ಮಂಥವರನ್ನ ಉಳಿಸ್ಕೊಳ್ಳೋಕಾ ತಾಯಿ, ನಿನಗೆ ಹೀಗೆ ಮಾಡಿದ್ದು?"

ಇಷ್ಟು ವರ್ಷಗಳಲ್ಲಿ ಯಾವ ಮಾವನೂ ಕೇಳದಿದ್ದ ಮಾತು. ಗಿರಿಜಾದೇವಿಗೆ ನಗು ಬಂತು, ನಗುತ್ತಿದ್ದಂತೆ ಅಳುವೂ ಬಂತು. ಎರಡನ್ನೂ ತಡೆಯಲು ಹೋಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಇರ್ಲಿ ಬಿಡಿ ಸಾರ್, ಉಳ್ಕೊಂಡ್ರಲ್ಲ" ಎಂದು ಹೇಳಿ, ಕಾಫಿ ಮಾಡಲು ಒಳಗೆ ಹೋದರು.