ಬಾಯಿ ಮುಚ್ಚಿದ ಕಾರ್ಡು

ಪಂಚಾಯಿತಿ ಕಟ್ಟಡದ ಮೇಲಿನ ಧ್ವನಿವರ್ಧಕ ಮೊದಲು ಕೆಮ್ಮುತ್ತದೆ, ಆಮೇಲೆ ಮಾತಾಡುತ್ತದೆ. ಆ ಬುಧವಾರವೂ ಒಮ್ಮೆ ಕೆಮ್ಮಿ, ಯಾರ ಮನೆಯಲ್ಲಿ ಹಂದಿ ಕಡಿದಿದ್ದಾರೆಂದು ತಿಳಿಸಿ, ಕೊನೆಗೆ ಅಂದಿತು: "ಭಾನುವಾರ ಊರಸಭೆ. ಹೊಸ ವರ್ಷದ ಹುದ್ದೆಗಳ ಹಂಚಿಕೆ. ಎಲ್ಲರೂ ಬರಬೇಕು."

ಬನ್ನಿನ ಹಿಟ್ಟು ನಾದುತ್ತಿದ್ದ ನಿಕಾನೋರಾಳ ಕೈ ನಿಂತಿತು.

ಓಹಾಕಾ ಬೆಟ್ಟದ ಈ ಯಗಾಬೆ ಹಳ್ಳಿಯಲ್ಲಿ ಹುದ್ದೆ ಎಂದರೆ ಸಂಬಳವಿಲ್ಲದ್ದು, ಬೇಡ ಅನ್ನಲಾಗದ್ದು. ಹೋದ ವರ್ಷದ ಸಭೆಯಲ್ಲಿ, ಊರಿನ ಸ್ವಂತ ಮೊಬೈಲ್ ಗೋಪುರಕ್ಕೆ ಖಾಲಿ ಸಿಮ್ ಕಾರ್ಡಿನಲ್ಲಿ ನಂಬರು ಬರೆದುಕೊಡುವವರು ಯಾರು ಎಂಬ ಮಾತು ಬಂದಾಗ, ಅವಳು ಪಕ್ಕದವಳ ಕಿವಿಯಲ್ಲಿ "ಅದೇನ್ ಮಹಾ" ಅಂದಿದ್ದಳು. ಆ ಕಿವಿ ಅಷ್ಟು ದೊಡ್ಡದಿರಲಿಲ್ಲ. ಮಾತು ಹೊರಗೆ ಚೆಲ್ಲಿತು. ಹಾಗಾದರೆ ಅವಳೇ ಮಾಡಲಿ ಎಂದು ಕೈಗಳು ಮೇಲೆದ್ದವು.

ಪಟ್ಟಣದ ಹುಡುಗಿಯೊಬ್ಬಳು ಎರಡು ದಿನ ಇದ್ದು ಕಲಿಸಿಹೋದಳು. ತಂತ್ರಾಂಶ ಪುಕ್ಕಟೆ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಲೋಕಕ್ಕೆಲ್ಲ ತೆರೆದಿಟ್ಟದ್ದು. ಯಗಾಬೆಯಲ್ಲಿ ತೆರೆಯಲು ಮಾತ್ರ ನಿಕಾನೋರಾಳೇ ಬೇಕು. ಖಾಲಿ ಕಾರ್ಡಿನ ಜೊತೆ ಬಂದ ಗುಟ್ಟಿನ ಸಂಖ್ಯೆ ಕೊಟ್ಟರೆ ಅದು ಬರೆಸಿಕೊಳ್ಳಲು ಒಪ್ಪುತ್ತದೆ. ಮೂರು ಸಲ ತಪ್ಪು ಸಂಖ್ಯೆ ಕೊಟ್ಟರೆ ಬಾಯಿ ಮುಚ್ಚುತ್ತದೆ, ಮತ್ತೆಂದೂ ತೆರೆಯದು. ವರ್ಷದಲ್ಲಿ ಇನ್ನೂರ ಹನ್ನೆರಡು ಕಾರ್ಡು ಬರೆದಳು, ಒಂದೂ ಕೆಡಲಿಲ್ಲ. ಅದೇ ಈಗ ಕುತ್ತಿಗೆಗೆ ಬಂದಿತ್ತು.

ಜನವರಿಯಿಂದ ಕೆಳಗಿನೂರಿನ ಸಂತೆಯಲ್ಲಿ ಬನ್ನು ಮಾರಲು ಅವಳಿಗೊಂದು ಜಾಗ ಗೊತ್ತಾಗಿತ್ತು. ಹನ್ನೊಂದು ವರ್ಷ ಕಾದ ಜಾಗ. ಹುದ್ದೆ ಮತ್ತೆ ತಲೆಗೆ ಬಿದ್ದರೆ ಅದು ಬೇರೆಯವರ ಪಾಲು.

"ಇಷ್ಟು ಚೆನ್ನಾಗಿ ಮಾಡು ಅಂತ ಯಾರ್ ಹೇಳಿದ್ರು ನಿಂಗೆ?" ಎಂದಳು ನಾದಿನಿ ಸೆನಾಯ್ದಾ. "ನಮ್ಮಣ್ಣ ನೀರಿನ ಹುದ್ದೇಲಿದ್ದಾಗ ಮೂರೇ ತಿಂಗಳಿಗೆ ಪೈಪ್ ಒಡೆದ. ಆಮೇಲೆ ಅವನನ್ನ ಯಾರಾದ್ರೂ ಕರೆದ್ರಾ?"

"ಅವರು ಬೇಕಂತ ಒಡೀಲಿಲ್ಲ."

"ಅದೇ ಅವನ ಅದೃಷ್ಟ."

ಮಧ್ಯಾಹ್ನ ಊರಿನ ಅಧ್ಯಕ್ಷ ದೊನ್ ಎರಾಕ್ಲಿಯೊ ಬಂದ. ನಿಕಾನೋರಾಳ ಮಗಳ ದೀಕ್ಷಾಸ್ನಾನಕ್ಕೆ ಜ್ಞಾನತಂದೆಯಾಗಿ ನಿಂತವನು ಅವನೇ; ಆ ನಂಟಿನಿಂದ ಅವನಿಗೆ ಅವಳು ಕೊಮಾದ್ರೆ, ಅವಳಿಗೆ ಅವನು ಕೊಂಪಾದ್ರೆ. "ಕೊಮಾದ್ರೆ, ಫೋನು ಹಳ್ಳದಲ್ಲಿ ಹೋಯ್ತು. ಹೊಸದಕ್ಕೊಂದು ಕಾರ್ಡು ಹಾಕ್ಕೊಡಿ."

ಅವಳು ಅವನಿಗೆ ಬೆನ್ನು ಕೊಟ್ಟು ಕಂಪ್ಯೂಟರಿನ ಮುಂದೆ ಕೂತಳು. ಗುಟ್ಟಿನ ಸಂಖ್ಯೆಯ ಜಾಗದಲ್ಲಿ ಮಗಳು ಹುಟ್ಟಿದ ದಿನ ಒತ್ತಿದಳು. ಮದುವೆಯ ದಿನ ಒತ್ತಿದಳು. ಸ್ವಲ್ಪ ಹೊತ್ತು ಬಿಟ್ಟು, ಸಂತೆಯ ಜಾಗ ಗೊತ್ತಾದ ದಿನ. ಕಾರ್ಡು ಬಾಯಿ ಮುಚ್ಚಿತು.

"ಸಿಗ್ನಲ್ ಬರೋಕೆ ಎರಡು ದಿನ ಆಗ್ಬಹುದು, ಕೊಂಪಾದ್ರೆ."

ಅವನು ಹೋದ ಮೇಲೆ ಕೈ ಎರಡು ಸಲ ತೊಳೆದುಕೊಂಡಳು. ಒಂದು ಬನ್ನು ಸೀದರೂ ಮಾರದೆ ಕೋಳಿಗೆ ಹಾಕುವ ಹೆಂಗಸು ಅವಳು.

ಭಾನುವಾರ ಅವಳ ಹುದ್ದೆಯ ಮಾತು ಬಂತು. ದೊನ್ ಎರಾಕ್ಲಿಯೊ ಎದ್ದು ನಿಂತ. ನಿಕಾನೋರಾ ಬೈಗುಳಕ್ಕೆ ತಲೆ ಬಗ್ಗಿಸಿದಳು.

"ಬುಧವಾರದಿಂದ ನನ್ನ ಫೋನು ಒಂದು ಸಲಾನೂ ಬಡ್ಕೊಂಡಿಲ್ಲ. ನೀರು ಬರಲಿಲ್ಲ ಅಂತ ಇಲ್ಲ, ಅವರ ಕತ್ತೆ ನಮ್ಮ ಜೋಳ ಮೇಯ್ತು ಅಂತ ಇಲ್ಲ. ಈ ವರ್ಷದಲ್ಲಿ ಮೊದಲ ಸಲ ಹುರುಳಿಸಾರು ಬಿಸಿ ಇರೋವಾಗ್ಲೇ ಉಂಡೆ. ಇಂಥ ಕಾರ್ಡು ಮಾಡೋರನ್ನ ಬಿಡೋಕಾಗುತ್ತಾ?"

"ನಂಗೂ ಅಂಥದೇ ಒಂದು ಇರಲಿ," ಎಂದ ನೀರಿನ ಹುದ್ದೆಯವನು. ಶಾಲೆಯ ಹುದ್ದೆಯವನೂ ಕೇಳಿದ.

ನಿಕಾನೋರಾ ಎದ್ದಳು. "ಅದು ಹಾಳಾದ ಕಾರ್ಡು. ನಾನೇ ಬೇಕಂತ ಕೆಡಿಸಿದ್ದು."

ಎರಾಕ್ಲಿಯೊ ಟೋಪಿ ತೆಗೆದು ತಲೆ ಕೆರೆದುಕೊಂಡ. "ಕೆಡಿಸಿದ್ದು ನೀವೇ ಅಂದ್ರೆ ಸರಿಮಾಡೋದೂ ನೀವೇ ಅಲ್ವಾ, ಕೊಮಾದ್ರೆ? ಒಂದು ವರ್ಷ ಸಾಕಾಗುತ್ತಾ?"

ಕೈಗಳು ಮೇಲೆದ್ದವು.

ಬಾಗಿಲಲ್ಲಿ ಸೆನಾಯ್ದಾ ಕಾದಿದ್ದಳು. "ಸಂತೆಯವರಿಗೆ ಏನಂತ ಹೇಳಿ ಕಳಿಸ್ಲಿ?"

ಮೆಟ್ಟಿಲ ಕೆಳಗೆ ಆಗಲೇ ಇಬ್ಬರು ಫೋನು ಹಿಡಿದು ನಿಂತಿದ್ದರು. ನಿಕಾನೋರಾ ಅವರತ್ತ ಇಳಿಯುತ್ತಲೇ ಹೇಳಿದಳು: "ಜಾಗ ನಿನ್ನ ಹೆಸರಿಗೆ ಬರೆಸ್ಕೋ. ಮೊಟ್ಟೆ ಕಡಿಮೆ ಹಾಕ್ಬೇಡ. ಮತ್ತೆ ಒಲೆ ಬಿಸಿ ನೋಡೋವಾಗ ಕೈಯನ್ನ ಹತ್ತು ಎಣಿಸೋವರೆಗೆ ಮಾತ್ರ ಒಳಗಿಡು."