ತೊಳೆಯಬಾರದ ಬಾಟಲಿ

ಜಹೀರುನ್ನೀಸಾಳ ಮನೆಯಲ್ಲಿ ನೀರು ಕುಡಿಯಬೇಕೆಂದರೆ ತಾಳ್ಮೆ ಬೇಕು. ಲೋಟವನ್ನು ಒಂದು ಸಲ ತೊಳೆದು, ಎರಡು ಸಲ ತೊಳೆದು, ಮೂರನೇ ಸಲವೂ ತೊಳೆದ ಮೇಲೆಯೇ ಅದಕ್ಕೆ ನೀರು ಬೀಳುವುದು. ಬಿಸಿಲಲ್ಲಿ ನಡೆದು ಬಂದು, "ಕೊಡೇ ತಾಯಿ, ಗಂಟಲು ಒಣಗೋಯ್ತು" ಎಂದು ನಾನು ಗೋಗರೆದರೂ ಅವಳ ಕೈ ಅವಸರಪಡುವುದಿಲ್ಲ. "ನಮ್ಮಮ್ಮ ಕಲಿಸಿದ್ದು ಕಣಕ್ಕ. ಮೂರು ಸಲ ತೊಳೀದೆ ನಮ್ಮನೇಲಿ ಯಾವ್ದೂ ಶುದ್ಧ ಅಲ್ಲ" ಅನ್ನುತ್ತಾಳೆ.

ನಾವಿಬ್ಬರೂ ಯಗಟಿಯವರು. ಐದು ವರ್ಷದ ಹಿಂದೆ, ಊರಿನ ಕುಡಿಯುವ ನೀರು ಪರೀಕ್ಷೆ ಮಾಡಲು ಹೆಂಗಸರು ಬೇಕೆಂದು ಪಂಚಾಯ್ತಿಯವರು ಕೇಳಿದಾಗ ಮಹಿಳಾ ಸಂಘದಿಂದ ನಮ್ಮಿಬ್ಬರನ್ನು ಕಳಿಸಿದರು. ನಾನು ಜಯಲಕ್ಷ್ಮಮ್ಮ, ಏಳನೇ ಕ್ಲಾಸು ಓದಿದವಳು, ಹಾಗಾಗಿ ರಿಜಿಸ್ಟರ್ ಬರೆಯುವುದು ನನ್ನ ಪಾಲಿಗೆ ಬಂತು. ಅವಳಿಗೆ ಕನ್ನಡದ ಓದು ನಿಧಾನ, ಕೈ ಮಾತ್ರ ಬಲು ಚುರುಕು. ಬಾಟಲಿಗೆ ನೀರು ಹಿಡಿಯುವುದು, ಔಷಧಿ ಬಿಡುವುದು, ಬಣ್ಣ ನೋಡುವುದು ಅವಳ ಕೆಲಸ.

ಅದಕ್ಕೂ ಮುಂಚೆ ಅವಳು ಗಂಡ ದಾವೂದ್ ಸಾಬ್ ಹೊಲಿದ ಅಂಗಿಗಳಿಗೆ ಗುಂಡಿಯ ಕಾಜಾ ಹಾಕಿಕೊಂಡು ಮನೆಯೊಳಗೇ ಇದ್ದವಳು. ಪರೀಕ್ಷೆಯ ನೀಲಿ ಪೆಟ್ಟಿಗೆ ಕೈಗೆ ಬಂದ ಮೇಲೆ ಊರೆಲ್ಲ 'ನೀರಿನ ಜಹೀರಮ್ಮ' ಅನ್ನತೊಡಗಿತು. ಹಾಗೆ ಯಾರಾದರೂ ಕರೆದರೆ ಅವಳು ಸೆರಗು ಸರಿಮಾಡಿಕೊಂಡು ನಗುವುದನ್ನು ನೋಡಬೇಕು! ಶಾಲೆಯ ಬೋರ್‌ವೆಲ್ಲಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ ಎಂದು ಮೊದಲು ಕಂಡುಹಿಡಿದವಳೂ ಅವಳೇ.

ಹೋದ ವರ್ಷ ಆಗಸ್ಟಿನಲ್ಲಿ ಹೊಸ ಆರ್ಡರ್ ಬಂತು. ನೀರು ಪರೀಕ್ಷೆ ಮಾಡುವವರಿಗೆಲ್ಲ ತರೀಕೆರೆಯಲ್ಲಿ ಎರಡು ದಿನ ಮರುತರಬೇತಿ, ಕೊನೆಗೊಂದು ಪರೀಕ್ಷೆ. ಪಾಸಾದವರಿಗೆ ಸರ್ಟಿಫಿಕೇಟು, ಆಗದವರು ಪೆಟ್ಟಿಗೆ ವಾಪಸ್ ಕೊಡಬೇಕು. ಕಡೂರಿನಿಂದ ಹತ್ತಿದ ಬಸ್ಸಿನಲ್ಲಿ ಜಹೀರಾ ದಾರಿಯುದ್ದಕ್ಕೂ ಔಷಧಿಗಳ ಹೆಸರು ಬಾಯಿಪಾಠ ಮಾಡಿದಳು. "ಪೆಟ್ಟಿಗೆ ಹೋದ್ರೆ ನಾನು ಮತ್ತೆ ಕಾಜಾ ಹಾಕೋಕೇ ಸರಿ ಕಣಕ್ಕ" ಎಂದಳು.

ತರಬೇತಿಗೆ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ಹೆಂಗಸರು ಬಂದಿದ್ದರು. ಪಾಠ ಹೇಳಿದ್ದು ಯೋಗಾನಂದ ಎಂಬ ಲ್ಯಾಬಿನ ಹುಡುಗ. ಮಗನ ವಯಸ್ಸಿನವನಾದರೂ ನಮಗೆ ಸಾರ್. ತಳದಲ್ಲಿ ಚಿಟಿಕೆ ಪುಡಿ ಇದ್ದ ಸಣ್ಣ ಬಾಟಲಿಯೊಂದನ್ನು ಎತ್ತಿ ತೋರಿಸಿದ.

"ನೀರಲ್ಲಿ ಹೊಲಸಿನ ಕ್ರಿಮಿ ಇದ್ರೆ ಎರಡು ದಿನದಲ್ಲಿ ಇದು ಕಪ್ಪಾಗ್ತದೆ. ಈ ಪುಡಿಯಿಂದಾನೇ ಅದು ಗೊತ್ತಾಗೋದು. ಬಾಕಿ ಟ್ಯೂಬುಗಳನ್ನ ಅದೇ ನೀರಲ್ಲಿ ಮೂರು ಸಲ ತೊಳೀರಿ. ಇದನ್ನ ಮಾತ್ರ ತೊಳೆಯಂಗೇ ಇಲ್ಲ. ತೊಳೆದ್ರೆ ಪುಡಿ ಹೋಯ್ತು, ಆಮೇಲೆ ಎಂಥ ಕೆಟ್ಟ ನೀರಾದ್ರೂ ಕಪ್ಪಾಗಲ್ಲ."

ನನ್ನ ಪೆನ್ನು ಅಲ್ಲೇ ನಿಂತಿತು. ನಾವು ತೊಳೆದಿದ್ದೆವು. ಐದು ವರ್ಷವೂ ತೊಳೆದಿದ್ದೆವು. "ತಳದಲ್ಲಿ ಧೂಳು ಕೂತದೆ ಕಣಕ್ಕ" ಅನ್ನುತ್ತ ಅವಳು ಮೂರು ಸಲ ಕುಲುಕಿ ಚೆಲ್ಲುತ್ತಿದ್ದಳು. ಎಂಥ ಅಚ್ಚುಕಟ್ಟು ಹೆಂಗಸು ಎಂದು ಮೆಚ್ಚಿಕೊಂಡು ನಾನು ರಿಜಿಸ್ಟರಿನಲ್ಲಿ 'ಒಳ್ಳೆಯ ನೀರು' ಎಂದು ಬರೆಯುತ್ತಿದ್ದೆ. ಒಂದು ಬಾಟಲಿಯೂ ಕಪ್ಪಾಗಲಿಲ್ಲವಲ್ಲ ಎಂದು ಹೆಮ್ಮೆ ಬೇರೆ!

ಜಹೀರಾ ಎದ್ದು ನಿಂತಳು. ನಾನು ಅವಳ ಸೆರಗು ಜಗ್ಗಿದೆ. "ಸುಮ್ನೆ ಕೂತ್ಕೊಳ್ಳೇ. ಯಾರಿಗೂ ಗೊತ್ತಿಲ್ಲ. ಇನ್ಮೇಲೆ ಸರಿಯಾಗಿ ಮಾಡಿದ್ರಾಯ್ತು" ಎಂದು ಪಿಸುಗುಟ್ಟಿದೆ. ಅವಳು ಸೆರಗು ಬಿಡಿಸಿಕೊಂಡಳು.

"ಸಾರ್, ನಾನು ಐದು ವರ್ಷದಿಂದ ಅದನ್ನ ತೊಳೀತಾನೇ ಬಂದಿದೀನಿ. ನಮ್ಮೂರ ನೀರೆಲ್ಲ ಒಳ್ಳೇದು ಅಂತ ಬರ್ಸಿದೀನಿ. ಈಗೇನ್ ಮಾಡ್ಬೇಕು ಹೇಳಿ."

ಹಿಂದೆ ಯಾರೋ ಕಿಸಕ್ಕೆಂದರು. ಯೋಗಾನಂದ ನಗಲಿಲ್ಲ. "ಅಮ್ಮ, ನಾನಿದನ್ನ ಮೇಲಕ್ಕೆ ಬರೀಲೇಬೇಕು. ನೀವು ಪಾಸಾದ್ರೂ ನಿಮ್ಮೂರ ನಲ್ಲಿಯೆಲ್ಲ ಮತ್ತೆ ಪರೀಕ್ಷೆ ಆಗೋವರ್ಗೂ ಸರ್ಟಿಫಿಕೇಟ್ ಕೊಡಕ್ಕಾಗಲ್ಲ. ಆಮೇಲೂ ಕೊಡ್ತಾರೆ ಅಂತ ನಾನು ಹೇಳ್ಲಾರೆ" ಎಂದ.

"ಬರೀರಿ ಸಾರ್" ಎಂದು ಕೂತಳು.

ಆ ಸಂಜೆ ವಾಪಸ್ ಬರುವಾಗ ನಾನು ಅವಳ ಜೊತೆ ಮಾತಾಡಲಿಲ್ಲ. ಅಹಹಾ, ದೊಡ್ಡ ಸತ್ಯವಂತೆ! ಅಷ್ಟು ಜನರೆದುರು ಮಾನ ಕಳೆದಳಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು. ಬೀರೂರು ದಾಟಿದ ಮೇಲೆ ಅವಳೇ ಬಾಯಿ ಬಿಟ್ಟಳು.

"ಜಯಕ್ಕ, ಜೂನಲ್ಲಿ ಹೇಮಶ್ರೀಗೆ ವಾಂತಿ ಭೇದಿ ಆಗಿತ್ತಲ್ಲ. ನಿಮ್ಮನೆ ನಲ್ಲೀನೂ ನಾನೇ ನೋಡಿದ್ದು."

ಹೇಮಶ್ರೀ ನನ್ನ ಮೊಮ್ಮಗಳು, ನಾಲ್ಕು ವರ್ಷದ ಕೂಸು. ಆಗ ಕಡೂರಿನ ಆಸ್ಪತ್ರೆಯಲ್ಲಿ ಮೂರು ದಿನ ಅವಳಿಗೆ ಚಮಚದಲ್ಲಿ ಗಂಜಿ ಕುಡಿಸಿದ್ದು ಇದೇ ಜಹೀರಾ. ನನ್ನ ಸಿಟ್ಟು ಎಲ್ಲಿ ಹೋಯಿತೋ! ಅವಳ ಕೈ ಹಿಡಿದುಕೊಂಡೆ. ಒಳ್ಳೆಯ ನೀರು ಎಂದು ಬರೆದವಳು ನಾನು ಅನ್ನುವ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಹೆದರಿಕೆಯಾಗಿತ್ತು.

ಮರುದಿನ ಮತ್ತೆ ತರೀಕೆರೆಗೆ ಹೋಗಿ ಅವಳು ಪರೀಕ್ಷೆ ಪಾಸಾದಳು. ಸರ್ಟಿಫಿಕೇಟು ಇಲ್ಲದೆ ಬಂದು ಇಪ್ಪತ್ತೆರಡು ನಲ್ಲಿಗಳ ನೀರು ಹಿಡಿದಳು, ತೊಳೆಯದ ಬಾಟಲಿಗಳಲ್ಲಿ. ಪ್ರತಿ ಮನೆಯ ಮುಂದೆಯೂ, "ಮುಂಚೆ ಮಾಡಿದ್ದು ತಪ್ಪಾಗಿತ್ತು. ಗೊತ್ತಾಗೋವರ್ಗೂ ನೀರು ಕುದಿಸಿ ಕುಡೀರಿ" ಎಂದಳು. ಕೆಲವರು ಬಾಯಿಗೆ ಬಂದಂತೆ ಬೈದರು. ತಲೆ ತಗ್ಗಿಸಿ ಕೇಳಿಸಿಕೊಂಡು ಮುಂದಿನ ಮನೆಗೆ ಹೋದಳು. ನಾನು ರಿಜಿಸ್ಟರ್ ಎದೆಗವಚಿಕೊಂಡು ಅವಳ ಬೆನ್ನ ಹಿಂದೆ ನಿಂತಿರುತ್ತಿದ್ದೆ.

ಕಪ್ಪಾದದ್ದು ಒಂದೇ ಬಾಟಲಿ. ನಮ್ಮ ಮನೆಯದು.

ಅದನ್ನು ಹಿಡಿದುಕೊಂಡು ಬಂದವಳು ಹೊಸಲು ದಾಟಲಿಲ್ಲ. "ತಪ್ಪಾಯ್ತು ಜಯಕ್ಕ" ಎಂದು ಅತ್ತಳು. ನಾನೂ ಅತ್ತೆ, ಒಳಗೆ ಎಳೆದುಕೊಂಡೆ. ನೀರು ಬಿಡುವ ಕರಿಸಿದ್ದಪ್ಪ ಮಧ್ಯಾಹ್ನವೇ ಅಗೆದು ನೋಡಿದ. ಚರಂಡಿಯ ಕೆಳಗೆ ಪೈಪು ಸೀಳಿತ್ತು. ಸಂಜೆಯೊಳಗೆ ಹೊಸದು ಹಾಕಿಸಿದ.

ಡಿಸೆಂಬರಿನಲ್ಲಿ ಸರ್ಟಿಫಿಕೇಟು ಬಂತು. ಅದರ ಹಿಂದೆಯೇ ಯೋಗಾನಂದನ ಫೋನು ಬಂತು. ಅಜ್ಜಂಪುರದಲ್ಲಿ ಹೊಸಬರಿಗೆ ತರಬೇತಿ ಇದೆ, ಆ ಬಾಟಲಿಯ ಪಾಠ ಜಹೀರಮ್ಮನೇ ಹೇಳಲಿ ಎಂದ.

ಅಲ್ಲಿ ಅವಳು ನಲವತ್ತು ಹೆಂಗಸರ ಮುಂದೆ ಬಾಟಲಿ ಎತ್ತಿ ಹಿಡಿದು, ಒಂದೂರಿನಲ್ಲಿ ಅದನ್ನು ಐದು ವರ್ಷ ತೊಳೆದ ಕತೆಯನ್ನೆಲ್ಲ ಹೇಳಿದಳು. ಮುಂದೆ ಕೂತಿದ್ದ ಹೆಂಗಸೊಬ್ಬಳು, "ಅಯ್ಯೋ, ಅಷ್ಟೂ ತಿಳೀದೆ ಐದು ವರ್ಷ ತೊಳೆದೋರು ಯಾರಮ್ಮ?" ಎಂದು ನಕ್ಕಳು.

"ನಾನೇ ಕಣಮ್ಮ" ಎಂದಳು ಜಹೀರಾ.

ಹಿಂದಿನ ಬೆಂಚಿನಲ್ಲಿ ಕೂತಿದ್ದ ನಾನು ಎದ್ದು ನಿಂತೆ. ಈ ಸಲ ನನ್ನ ಸೆರಗು ಜಗ್ಗುವವರು ಯಾರೂ ಇರಲಿಲ್ಲ.

"ಅವಳೊಬ್ಬಳೇ ಅಲ್ಲ ಕಣ್ರಮ್ಮಾ. ಪಕ್ಕದಲ್ಲೇ ನಿಂತು ನೋಡಿ, ಒಳ್ಳೇ ನೀರು ಅಂತ ಬರ್ದೋಳು ನಾನು" ಎಂದೆ.